ನೀಲಿ ಪರದೆಯ ಮುಂದೆ ಜಲಜ

ನಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ ಫೋಟೋ ತೆಗೆದರು ಅಂದರೆ ಕಾರ್ಡು ಬಂತು ಎಂದೇ ಲೆಕ್ಕ. ಯಾರನ್ನಾದರೂ ಕಾಯಂ ಮಾಡುವಾಗ ಗೋದಾಮಿನ ಬಾಗಿಲಿಗೆ ಒಂದು ನೀಲಿ ಪರದೆ ಕಟ್ಟುತ್ತಾರೆ. ಕುಂದಾಪುರದಿಂದ ಸ್ಟುಡಿಯೋದವನು ಬರುತ್ತಾನೆ. ಪರದೆಯ ಮುಂದೆ ಸ್ಟೂಲಿನಲ್ಲಿ ಕೂತವರ ಮುಖ ಕಾರ್ಡಿನ ಮೇಲೆ ಅಂಟಿಕೊಂಡು ಬರುತ್ತದೆ. ಕಾರ್ಡು ಇದ್ದವರಿಗೆ ಇಎಸ್‌ಐ ಆಸ್ಪತ್ರೆ ಉಂಟು, ಮಳೆಗಾಲದಲ್ಲೂ ಕೆಲಸ ಉಂಟು. ಇಲ್ಲದವರು ಬದಲಿ, ಅಂದರೆ ಬೇರೆಯವರು ಬಾರದ ದಿನ ಅವರ ಮಣೆಯ ಮೇಲೆ ಕೂತು ಬೀಜ ಒಡೆಯುವವರು. ನಾನು ಸುಗುಣ, ತೊಂಬತ್ತೇಳರಲ್ಲಿ ಇಲ್ಲಿ ಟೈಪಿಸ್ಟ್ ಆಗಿ ಸೇರಿದವಳು. ನನ್ನ ಕಾರ್ಡಿನ ಫೋಟೋ ತೆಗೆದದ್ದೂ ಅದೇ ಪರದೆಯ ಮುಂದೆ. ಅದರಲ್ಲಿ ನನ್ನ ಕಣ್ಣು ಮುಚ್ಚಿದೆ, ಅದಿರಲಿ.

ಜಲಜ ಬದಲಿ. ನಾನು ಬರುವ ಮೊದಲೂ ಬದಲಿ, ಬಂದು ಹನ್ನೆರಡು ವರ್ಷವಾದ ಮೇಲೂ ಬದಲಿ. ಹೆಸರಿಗಷ್ಟೇ ಬದಲಿ, ಮಳೆಗಾಲವನ್ನೂ ಭಾನುವಾರವನ್ನೂ ಬಿಟ್ಟರೆ ಅವಳು ಇಲ್ಲದ ದಿನವನ್ನು ನಾನು ಕಂಡಿಲ್ಲ, ಒಂದು ಮಣೆ ಅವಳದ್ದೇ ಎಂಬಂತೆ ಆಗಿಹೋಗಿತ್ತು. ಕೋಟ ಪಡುಕೆರೆಯಿಂದ ನಡೆದು ಬಂದು, ಹೈವೇಯಲ್ಲಿ ಬಸ್ಸು ಹತ್ತಿ, ತೆಕ್ಕಟ್ಟೆಯಲ್ಲಿ ಇಳಿದು ಎಲ್ಲರಿಗಿಂತ ಮುಂಚೆ ಗೇಟಿನ ಹತ್ತಿರ ನಿಂತಿರುತ್ತಿದ್ದಳು. ಗುಡ್ಡ ಎಂಬ ಹೆಸರಿನ ಗಂಡ ಮೀನಿನ ದೋಣಿಗೆ ಹೋಗುತ್ತಿದ್ದವನು, ಮಗಳು ಅನಿಷಾ ಅಂಗನವಾಡಿಯಲ್ಲಿದ್ದಾಗಲೇ ತೀರಿಕೊಂಡಿದ್ದ. ಬೀಜದ ಸಿಪ್ಪೆಯ ಸೊನೆ ತಾಗಿ ತಾಗಿ ಜಲಜಳ ಎರಡೂ ಅಂಗೈ ಕಪ್ಪಾಗಿ ಸುಲಿದು ಹೋಗಿದ್ದವು. ಒಡೆಯುವ ಎಲ್ಲರ ಕೈಯೂ ಹಾಗೇ, ಬೂದಿ ಹಚ್ಚಿದರೂ ಹೋಗುವ ಬಣ್ಣವಲ್ಲ ಅದು. ಮಗಳು ಮಾತ್ರ ಕುಂದಾಪುರದ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದಳು. "ನನ್ ಮಗ್ಳ್ ಕೈ ಕಾಣ್ಕ್ ನೀವ್. ಒಂದ್ ಕಲೆ ಇಲ್ಲೆ," ಎಂದು ಜಲಜ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಹೇಳುತ್ತಾ ಹೇಳುತ್ತಾ ಕೆಮ್ಮುತ್ತಿದ್ದಳು. ಬೀಜ ಹುರಿಯುವ ಹೊಗೆ ಅವಳ ಎದೆಯಲ್ಲಿ ಕೂತಿತ್ತು. ಮೆಟ್ಟಿಲು ಹತ್ತಿದರೆ ಉಬ್ಬಸ. ಕಾರ್ಡು ಸಿಕ್ಕರೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಬೇಕು ಎಂಬುದೊಂದೇ ಅವಳ ಲೆಕ್ಕಾಚಾರ. ಅಲ್ಲಿಯವರೆಗೆ ಉಬ್ಬಸದ ಸುದ್ದಿ ಮೇಸ್ತ್ರಿಯ ಕಿವಿಗೆ ಬೀಳದಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಕೆಮ್ಮುತ್ತಿದ್ದಳು.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಧಣಿಗಳ ಮಗ ಮನೀಷ್ ಕಂಪೆನಿಗೆ ವೆಬ್‌ಸೈಟ್ ಮಾಡಲು ಹೊರಟ. ಧಣಿಗಳು ಅಂದರೆ ಗೋವರ್ಧನ ಶೆಟ್ಟರು, ಗದ್ದೆ ಮನೆತನದವರು. ಫ್ಯಾಕ್ಟರಿ ಕಟ್ಟಿದರೂ ಈಗಲೂ ಒಂದು ಮಳೆ ಬಂದರೆ ಮೊದಲು ಗದ್ದೆಯ ಕಡೆ ನೋಡುವವರು. ಮಗ ಹಾಗಲ್ಲ, ಸದಾ ಮೊಬೈಲಿನ ಕಡೆಯೇ ನೋಡುವವನು. ಒಂದು ದಿನ ನನ್ನ ಟೇಬಲಿನ ಹತ್ತಿರ ಬಂದ.

"ಸುಗುಣಕ್ಕ, ಒಂದ್ ಪೇಜ್ ಮಾಡ್ಕ್. ನಮ್ಮ ಸ್ಟಾಫ್ ಯಾರ್ ಯಾರ್ ಅಂದೇಳಿ. ಬೀಜ ತಕಂಬ ಹಾಲೆಂಡಿನ್ ಪಾರ್ಟಿ ಕೇಂತಿದ್ರ್, ಅದನ್ನ್ ಒಡೂದ್ ಯಾರ್, ಅವ್ರ್ ಮುಖ ಕಾಂಕ್ ಅಂದ್."

"ಮುನ್ನೂರ್ ಜನ ಇದ್ರಲೆ. ಎಲ್ಲರ್ ಮುಖನೂ ಹಾಕುದಾ?"

"ಹತ್ತ್ ಹನ್ನೆರಡ್ ಸಾಕ್. ಕಾಂಬುಕ್ ಲಾಯ್ಕ್ ಇಪ್ಪೋರ್."

ಪುಟದ ಮಾದರಿಯನ್ನು ಅವನು ಎಲ್ಲಿಂದಲೋ ಇಳಿಸಿಕೊಂಡಿದ್ದ. ಅದರ ಒಂದೊಂದು ಚೌಕದಲ್ಲೂ ಕೋಟು ತೊಟ್ಟ ಬಿಳಿಯರು ಕೈಕಟ್ಟಿ ನಿಂತಿದ್ದರು. ಅವರನ್ನು ಒಬ್ಬೊಬ್ಬರನ್ನಾಗಿ ತೆಗೆದು ನಮ್ಮವರನ್ನು ಕೂರಿಸುವುದು, ಹೆಸರು, ಕೆಲಸ, ಒಂದು ಸಾಲು ಬರೆಯುವುದು ನನ್ನ ಪಾಲಿಗೆ ಬಂದ ಕೆಲಸ. ಮೊದಲ ಚೌಕದಲ್ಲಿ ಕಿವಿಗೆ ಫೋನಿನ ಯಂತ್ರ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಹಲ್ಲು ಕಾಣುವಂತೆ ನಗುತ್ತಿದ್ದಳು. ಹೀಗೇ ನಗುವವರು ಮೇಲೆ ಬೇಕು ಎಂದು ಮನೀಷ್ ಹಠ ಹಿಡಿದ. ಒಡೆಯುವ ಸಾಲಿನ ಉದ್ದಕ್ಕೂ ನಡೆದು ಹೋದ. ಧಣಿಯ ಮಗ ಬಂದನೆಂದು ಎಲ್ಲರೂ ತಲೆ ತಗ್ಗಿಸಿದರೆ ಜಲಜ ಒಬ್ಬಳು ತಲೆಯೆತ್ತಿ ನಕ್ಕಳು. ಅವಳ ನಗು ಚಂದವೇ, ಅದರಲ್ಲಿ ಎರಡು ಮಾತಿಲ್ಲ.

"ಹ್ವಾಯ್, ನೀವೇ. ನೀವ್ ಬನಿ," ಅಂದ.

ಅವಳು ಕಾಯಂ ಅಲ್ಲ ಎಂದು ನಾನು ಅಲ್ಲೇ ಹೇಳಿದೆ. "ಫೋಟೋಕ್ಕೆಂತ ಕಾಯಂ, ಬದಲಿ?" ಎಂದು ನಕ್ಕುಬಿಟ್ಟ. ಮಾರನೇ ದಿನ ಸ್ಟುಡಿಯೋದ ಸಚಿನ್ ಬಂದ. ಹಿಂದೆ ಏನು ಹಾಕುವುದು ಎಂಬ ಮಾತು ಬಂದಾಗ ಯಾರೋ ಗೋದಾಮಿನಿಂದ ಆ ನೀಲಿ ಪರದೆಯನ್ನೇ ತಂದು ಕಟ್ಟಿದರು. ಅಲ್ಲಿಗೆ ಆಯಿತು. ಪರದೆ ಕಟ್ಟಿದ ಸುದ್ದಿ ಸಿಪ್ಪೆ ತೆಗೆಯುವ ಕೋಣೆ, ಹುರಿಯುವ ಒಲೆ ಎಲ್ಲ ದಾಟಿ ಹೋಯಿತು. ಜಲಜಳ ಹಣೆಗೆ ಒಬ್ಬಳು ಬೊಟ್ಟು ತಿದ್ದಿದಳು, ಮತ್ತೊಬ್ಬಳು ತನ್ನ ಮುಡಿಯ ಅಬ್ಬಲಿಗೆ ಹೂ ಬಿಚ್ಚಿ ಇವಳಿಗೆ ಮುಡಿಸಿದಳು. ಕಾರ್ಡಿಗಾಗಿ ಕಾದು ಕೂತಿದ್ದ ಬೇರೆ ಬದಲಿಗಳ ಮುಖದಲ್ಲೂ ಅಸೂಯೆ ಇರಲಿಲ್ಲ. ಇವಳಿಗೆ ಆದರೆ ನಮಗೂ ಒಂದು ದಿನ ಆದೀತು ಎಂಬ ಹಾಗೆ ನಿಂತು ನೋಡುತ್ತಿದ್ದರು.

ಸ್ಟೂಲಿನಲ್ಲಿ ಕೂತ ಜಲಜ ಕೈಯನ್ನು ಸೆರಗಿನ ಒಳಗೆ ಸೇರಿಸಿದಳು. ಸಚಿನ್ ಬಿಡಲಿಲ್ಲ. ಎರಡೂ ಅಂಗೈ ಜೋಡಿಸಿ, ಅದರ ತುಂಬ ಬಿಳಿ ಬೀಜ ಹಿಡಿಯಬೇಕು ಎಂದ.

"ಕೈ ಕಾಂಬುದ್ ಬ್ಯಾಡ ಮಾರಾಯ್ರೆ. ಮುಖ ಒಂದ್ ಸಾಕಲ್ದಾ ಕಾರ್ಡಿಗೆ?"

"ಹಿಡೀನಿ. ಚಂದ ಕಾಣತ್."

ಹಿಡಿದಳು. ಕಪ್ಪು ಅಂಗೈಯಲ್ಲಿ ಬೀಜಗಳು ಇನ್ನೂ ಬಿಳಿಯಾಗಿ ಕಂಡವು. ಮಧ್ಯಾಹ್ನ ಊಟದ ಹೊತ್ತಿಗೆ ನಾನು ಅವಳನ್ನು ಬಾವಿಕಟ್ಟೆಯ ಹತ್ತಿರ ಕರೆದು, ಇದು ಕಾರ್ಡಿಗಲ್ಲ, ಕಂಪ್ಯೂಟರಿನಲ್ಲಿ ಪರದೇಶದವರಿಗೆ ತೋರಿಸಲು ಎಂದು ಬಿಡಿಸಿ ಹೇಳಿದೆ. ಅವಳು ನನ್ನನ್ನು ಕರುಣೆಯಿಂದ ನೋಡಿದಳು. ನನಗೆ ರೇಗಿತು.

"ಸುಗುಣಮ್ಮ, ನೀವೇ ಹೇಳಿ. ಆ ಪರದಿ ಮುಂದ್ ಕೂಕಂಡರಿಗೆ ಕಾರ್ಡ್ ಸಿಕ್ದೇ ಇದ್ದದ್ದ್ ಯಾವತ್ತಾರೂ ಇತ್ತಾ?"

ಇರಲಿಲ್ಲ. ಅದೇ ತೊಂದರೆ.

ಆ ವಾರವೇ ಅವಳು ಮನೆ ಹತ್ತಿರದ ದೈವಕ್ಕೆ ಹೊತ್ತಿದ್ದ ಹರಕೆ ತೀರಿಸಿ ಹೂವಿನ ಪೂಜೆ ಕೊಟ್ಟಳು. ಪಂಚಕಜ್ಜಾಯವನ್ನು ಬಾಳೆಲೆಯಲ್ಲಿ ಕಟ್ಟಿ ತಂದು ಶೆಟ್ಟರಿಗೂ ಮನೀಷನಿಗೂ ಕೊಟ್ಟಳು. ಯಾತರ ಪ್ರಸಾದ ಎಂದು ಇಬ್ಬರೂ ಕೇಳಲಿಲ್ಲ. ಮನೀಷ್ ಚೆನ್ನಾಗಿದೆ ಎಂದು ಇನ್ನೊಂದು ಹಿಡಿ ತಿಂದ. ನಾನು ಸೀದಾ ಶೆಟ್ಟರ ಕೋಣೆಗೆ ಹೋಗಿ, ಪ್ರಸಾದ ಯಾತರದ್ದು ಎಂದು ಹೇಳಿ, ಅವಳ ಉಬ್ಬಸದ ಸಂಗತಿಯನ್ನೂ ಹೇಳಿ, ಅವಳಿಗೊಂದು ಕಾರ್ಡು ಮಾಡಿಸಿ ಎಂದು ಕೇಳಿದೆ. ಶೆಟ್ಟರು ಕೆಟ್ಟವರಲ್ಲ. ಅದಕ್ಕೇ ಅವರೊಂದಿಗೆ ಜಗಳ ಮಾಡುವುದು ಕಷ್ಟ.

"ಕಾಂಬ ಸುಗುಣ. ಒಬ್ಬಳಿಗ್ ಕೊಟ್ರೆ ನಾಳೆ ಅರವತ್ ಜನ ಬಾಗ್ಲಂಗ್ ನಿಂತ್ಕಂತ್ರ್. ಮಳೆ ಕಳೀಲಿ, ಕಾಂಬ."

ಪುಟ ತಯಾರಾಯಿತು. ಜಲಜ ಎಲ್ಲರಿಗಿಂತ ಮೇಲೆ. ಅವಳ ಹೆಸರಿನ ಕೆಳಗೆ ಬರೆಯಬೇಕಾದ ಇಂಗ್ಲಿಷ್ ಸಾಲನ್ನು ಮನೀಷನೇ ಹೇಳಿ ಬರೆಸಿದ. ಕಾಯಂ ಎಂಬ ಮಾತು ಬೇಡ ಎಂದು ನಾನು ಎರಡು ಸಲ ಅಳಿಸಿದೆ, ಅವನು ಎರಡು ಸಲವೂ ಮತ್ತೆ ಸೇರಿಸಿದ. ಫೋಟೋ ಸಚಿನನ ಸ್ಟುಡಿಯೋದಿಂದ ಬಂದಾಗ ಅವಳ ಅಂಗೈ ಬೆಳ್ಳಗಾಗಿತ್ತು. ಕಂಪ್ಯೂಟರಿನಲ್ಲಿ ತೊಳೆದಿದ್ದರು. ಪಾರ್ಟಿ ಹೆದರಬಾರದಲ್ಲ. ಮನೆಗೆ ಒಯ್ಯಲು ಒಂದು ಪ್ರಿಂಟ್ ಬೇಕೆಂದು ಕೇಳಲು ಬಂದ ಜಲಜ ನಾನು ತೆಗೆದುಕೊಟ್ಟ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ನೋಡಿದಳು.

"ಇದ್ಯಾರ್ ಕೈ?" ಎಂದು ಕೇಳಿ, ತಾನೇ ನಕ್ಕು, "ಅಡ್ಡಿಲ್ಲೆ. ಕೆಳ್ಗೆಂತ ಬರ್ದಿತ್?" ಎಂದಳು.

"ಇದೆಲ್ಲ ಪಾರ್ಟಿಗೆ ಬರ್ದದ್ದ್, ನಂಬೂಕಾಗ," ಎಂದು ಮೊದಲೇ ಹೇಳಿ, ಇದ್ದದ್ದನ್ನು ಇದ್ದ ಹಾಗೆ ಓದಿದೆ. "ಇಪ್ಪತ್ತು ವರ್ಷಗಳಿಂದ ನಮ್ಮ ಕಂಪೆನಿಯ ಕಾಯಂ ಸದಸ್ಯೆ. ನಮ್ಮ ಮನೆಯವರಂತೆ."

ಅವಳ ಕಿವಿಗೆ ಬಿದ್ದದ್ದು ಅದರಲ್ಲಿ ಒಂದೇ ಮಾತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಸೇರಿಸಿದಳು.

ಮುಂದಿನ ಸೋಮವಾರ ಅವಳು ಕೆಲಸಕ್ಕೆ ಬರಲಿಲ್ಲ. ಮಂಗಳವಾರ ನನ್ನ ಟೇಬಲಿನ ಮುಂದೆ ಬಂದು ನಿಂತಳು. ಇಎಸ್‌ಐ ದವಾಖಾನೆಗೆ ಹೋಗಿದ್ದಳಂತೆ. ಮದುವೆ ಮನೆಗೆ ಉಡುವ ಸೀರೆ ಉಟ್ಟು, ಸಾಲಿನಲ್ಲಿ ನಿಂತು, ಸರದಿ ಬಂದಾಗ ಕಿಟಕಿಯೊಳಗೆ ಆ ಪ್ರಿಂಟನ್ನು ಕೊಟ್ಟಳಂತೆ. ಒಳಗಿದ್ದವರು ಅದನ್ನು ತಿರುಗಿಸಿ ನೋಡಿ ನಂಬರ್ ಎಲ್ಲಿ ಎಂದು ಕೇಳಿದರಂತೆ.

"ನಾ ಮುಖ ತೋರ್ಸ್ದೆ. ನಾನೇ ಕಾಣಿ, ಕಂಪೆನಿಯೋರೇ ಬರ್ದಿದ್ರ್ ಅಂದೆ. ನಂಬರ್ ಇಲ್ದೆ ಆತಿಲ್ಲೆ ಅಂದ್ರ್. ಹಿಂದಿದ್ದೋರ್ ನೆಗಾಡ್ರ್ ಸುಗುಣಮ್ಮ. ಕಾಗ್ದ ಅಲ್ಲೇ ಬಿಟ್ಟ್ ಬಂದೆ." ತಾನೂ ನಗಲು ನೋಡಿದಳು. ಆಗಲಿಲ್ಲ. "ನೀವ್ ಬಾವಿಕಟ್ಟಿ ಹತ್ರ ಹೇಳದ್ದೇ ಸಮ."

ನನ್ನ ಮಾತು ಸರಿಯಾದದ್ದಕ್ಕೆ ಆ ದಿನದಷ್ಟು ದುಃಖ ನನಗೆ ಯಾವತ್ತೂ ಆಗಿಲ್ಲ. ಅವಳನ್ನು ಕರೆದುಕೊಂಡು ಮನೀಷನ ಎದುರು ಹೋಗಿ, ಕಂಪೆನಿಯೇ ಬರೆದ ಮಾತನ್ನು ಕಂಪೆನಿಯೇ ನಡೆಸಿಕೊಡಲಿ ಎಂದು ಗಂಟಲು ಹರಿಯುವಂತೆ ಹೇಳಿದೆ. ಅವನು ಮೊಬೈಲಿನಿಂದ ತಲೆಯೆತ್ತಿ, ವೆಬ್‌ಸೈಟಿಗೆ ಬರೆಯುವುದೆಲ್ಲ ಹಾಗೇ ಅಕ್ಕ, ಅದಕ್ಕೆ ಯಾರೂ ಕೋರ್ಟಿಗೆ ಹೋಗುವುದಿಲ್ಲ ಎಂದ. ನೋಯಿಸಲು ಅಲ್ಲ, ಸಮಾಧಾನ ಮಾಡಲೆಂದೇ ಅಂದದ್ದು. ಜಲಜ ಅಷ್ಟೊತ್ತಿಗೆ ಹೊರಗೆ ಹೋಗಿ ತನ್ನ ಮಣೆಯ ಮೇಲೆ ಕೂತಾಗಿತ್ತು.

ಮಳೆ ಹಿಡಿಯಿತು. ಬೀಜ ಬರುವುದು ಕಡಿಮೆಯಾಗಿ ಬದಲಿಗಳನ್ನು ಕರೆಯಲಿಲ್ಲ. ಪಡುಕೆರೆಯಿಂದ ಬರುವ ಒಬ್ಬಳ ಬಾಯಲ್ಲಿ ಸುದ್ದಿ ಬರುತ್ತಿತ್ತು: ಜಲಜ ಈಗ ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾಳೆ, ಪೇಟೆಯ ಡಾಕ್ಟರು ದೊಡ್ಡ ಆಸ್ಪತ್ರೆಗೆ ಒಯ್ಯಿ ಎಂದಿದ್ದಾರೆ, ಮಳೆ ಕಳೆಯಲಿ ಎನ್ನುತ್ತಾಳೆ. ಶೆಟ್ಟರು ಹೇಳಿದ್ದೂ ಅದನ್ನೇ, ಮಳೆ ಕಳೆಯಲಿ ಎಂದು. ಚೌತಿ ಬರುವ ಸೋಣೆ ತಿಂಗಳಲ್ಲಿ, ಮಳೆ ಇನ್ನೂ ಪೂರ್ತಿ ಬಿಡುವ ಮೊದಲೇ, ಜಲಜ ತೀರಿಹೋದಳು. ಶೆಟ್ಟರು ಅವಳ ಮನೆಗೆ ಹೋಗಿ ಕೂತು ಬಂದರು. ಅವರು ಹೋಗಿ ಕೂತದ್ದರಿಂದ ಯಾರಿಗೆ ಏನು ಸಿಕ್ಕಿತು?

ಅವಳನ್ನು ಪುಟದಿಂದ ತೆಗೆಯೋಣವೇ ಎಂದು ನಾನು ಮನೀಷನನ್ನು ಕೇಳಿದೆ. ಬೇಡ, ಹಾಲೆಂಡಿನವರಿಗೆ ಆ ನಗು ಹಿಡಿಸಿದೆ, ಮೇಲ್‌ನಲ್ಲಿ ಬರೆದಿದ್ದಾರೆ ಎಂದ. ಹಾಗೆ ಅವಳು ಅಲ್ಲೇ ಉಳಿದಳು, ಬೆಳ್ಳಗಿನ ಕೈಯಲ್ಲಿ ಬೀಜ ಹಿಡಿದುಕೊಂಡು.

ಮಳೆ ಪೂರಾ ಬಿಟ್ಟು ಫ್ಯಾಕ್ಟರಿ ಮತ್ತೆ ಜೋರಾದ ಮೇಲೆ ಒಂದು ಸಂಜೆ, ಕೆಲಸ ಬಿಡುವ ಹೊತ್ತಿಗೆ, ಅನಿಷಾ ಆಫೀಸಿನ ಬಾಗಿಲಿಗೆ ಬಂದಳು. ನಗು ತಾಯಿಯದ್ದೇ, ಆದರೆ ಅದನ್ನು ಒಳಗೇ ಇಟ್ಟುಕೊಂಡಿದ್ದಳು. ಒಂದು ಕೈ ದುಪಟ್ಟದೊಳಗಿತ್ತು.

"ಅಕ್ಕ, ಅಮ್ಮನ್ದ್ ಒಂದ್ ಫೋಟೋ ಬೇಕಿತ್. ಗೋಡೆಗ್ ಹಾಕುಕೆ. ಮನೆಯಂಗೆ ಇಪ್ಪುದ್ ರೇಷನ್ ಕಾರ್ಡಿಂದೊಂದೆ. ಅದ್ರಂಗೆ ಅಮ್ಮ ಅಂದೇಳಿ ಗೊತ್ತೇ ಆತಿಲ್ಲೆ."

ನಾನು ಕುರ್ಚಿ ಎಳೆದುಕೊಟ್ಟು ಪುಟ ತೆರೆದೆ. ಮೇಲಿನಿಂದ ಮೆಲ್ಲಗೆ ಮೊದಲು ನೀಲಿ ಪರದೆ ಬಂತು, ಆಮೇಲೆ ಅಬ್ಬಲಿಗೆ, ಆಮೇಲೆ ಆ ನಗು. ಅನಿಷಾ ಅಲ್ಲಿಯವರೆಗೂ ಸುಮ್ಮನೆ ನೋಡುತ್ತಿದ್ದಳು. ಕೈ ಕಂಡದ್ದೇ ಕುರ್ಚಿಯಲ್ಲಿ ಹಿಂದೆ ಸರಿದಳು.

"ಇದ್ ಅಮ್ಮನ್ ಕೈ ಅಲ್ಲ."

"ಹೌದು ಮಗಾ. ಅವ್ರ್ ಬಣ್ಣ ಬದ್ಲ್ ಮಾಡಿದ್ರ್."

"ಈ ಕೈ ಬ್ಯಾಡ ಅಕ್ಕ. ಅಮ್ಮಂದೇ ಇಲ್ಯಾ?"

ಇತ್ತು. ಸಚಿನ್ ಕೊಟ್ಟ ಸಿ.ಡಿ.ಯಲ್ಲಿ ಅವನು ಮೊದಲು ತೆಗೆದದ್ದು ತೆಗೆದ ಹಾಗೇ ಇತ್ತು. ಹುಡುಕಿ ತೆರೆದೆ. ಕಪ್ಪು ಅಂಗೈ, ಸುಲಿದ ಬೆರಳು, ಬಿಳಿ ಬೀಜ. ಅನಿಷಾಳ ಕಣ್ಣಿನಲ್ಲಿ ನೀರು ತುಂಬಿತು. ಇದೇ, ಇದೇ ಎಂದು ದುಪಟ್ಟದಿಂದ ಕೈ ಹೊರಗೆ ತೆಗೆದು, ಕಂಪ್ಯೂಟರಿನ ಗಾಜಿನ ಮೇಲಿನ ತಾಯಿಯ ಅಂಗೈಗೆ ತನ್ನ ಅಂಗೈ ತಾಗಿಸಿ ಹಿಡಿದಳು.

ಅವಳ ಬೆರಳ ತುದಿಗಳು ಕಂದಾಗಿದ್ದವು. ಹೆಬ್ಬೆರಳಿನ ಚರ್ಮ ಆಗಲೇ ಏಳಲು ಶುರುವಾಗಿತ್ತು.

"ಇದೆಂತ ಅನಿಷಾ?"

"ಬಟ್ಟೆ ಅಂಗ್ಡಿ ಮುಚ್ಚಿತ್ ಅಕ್ಕ. ಅಮ್ಮನ್ ಮಣೆ ಖಾಲಿ ಇತ್, ಬಾ ಅಂದ್ರ್ ಮೇಸ್ತ್ರಿ. ಸೋಮಾರದಿಂದ ಬತ್ತಿದ್ದೆ." ಕೈಯನ್ನು ಹಿಂದೆ ತೆಗೆದುಕೊಂಡು ದುಪಟ್ಟದಲ್ಲಿ ಮುಚ್ಚಿದಳು. "ಬದಲಿ."

ಜಲಜ ತೀರಿಹೋದ ಮೇಲೆ ನಾನು ಒಡೆಯುವ ಸಾಲಿಗೆ ಕಾಲಿಟ್ಟಿರಲಿಲ್ಲ. ಆ ಮಣೆಯನ್ನು ನೋಡಲು ಮನಸ್ಸಾಗಿರಲಿಲ್ಲ. ಅಷ್ಟರಲ್ಲಿ ಅದರ ಮೇಲೆ ಈ ಹುಡುಗಿ ಕೂತಿದ್ದಳು. ನನಗೆ ಬೈಯಬೇಕೆನಿಸಿತು, ಯಾರಿಗೆ ಎಂದು ಗೊತ್ತಾಗಲಿಲ್ಲ. ನಾನು ಪ್ರಿಂಟರಿಗೆ ದಪ್ಪ ಕಾಗದ ಹಾಕಿದೆ. ಜಲಜ ಹೊರಗೆ ಬರತೊಡಗಿದಳು, ಮೊದಲು ಪರದೆ, ಆಮೇಲೆ ಮುಖ. ಅನಿಷಾ ಬಗ್ಗಿ ಆ ನೀಲಿ ಬಣ್ಣವನ್ನೇ ನೋಡುತ್ತಿದ್ದಳು.

"ಅಕ್ಕ," ಎಂದಳು, "ಈ ಪರದಿ ಇನ್ ಯಾವಾಗ ಕಟ್ತ್ರ್?"