ಸೋರೆಕಾಯಿ ಬಂದೂಕು

ಮಾಂಸ ಮುಟ್ಟದ ಮನೆಯಲ್ಲಿ ಬಂದೂಕಿಗೇನು ಕೆಲಸ ಎಂದು ಕ್ಲೋಸ್‌ಪೇಟೆಯ ಅರ್ಧ ಊರು ಕೇಳುತ್ತಿತ್ತು. ಇನ್ನರ್ಧ ಊರು ಕೇಳುವ ಗೋಜಿಗೇ ಹೋಗದೆ ನಗುತ್ತಿತ್ತು. ಮೈಸೂರು ರಸ್ತೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಪಂಚಾಕ್ಷರಯ್ಯನವರು ಮಾತ್ರ ಎರಡನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಊರ ಹೊರಗಿನ ಬಂಗಲೆಯಲ್ಲಿದ್ದುಕೊಂಡು ಮೂರು ವರ್ಷ ಬಂಡೆ ಅಳೆದ ದೊರೆಯೊಬ್ಬ ಸೀಮೆಗೆ ಹೊರಟಾಗ, ಜ್ವರದಲ್ಲಿ ಮಲಗಿದ್ದ ತನಗೆ ದಿನವೂ ಗಂಜಿ ಕಳಿಸಿದವರ ನೆನಪಿಗೆಂದು ಅದನ್ನು ಕೊಟ್ಟುಹೋಗಿದ್ದ. ಲೈಸೆನ್ಸನ್ನೂ ತಾನೇ ಮುಂದೆ ನಿಂತು ಮಾಡಿಸಿಕೊಟ್ಟಿದ್ದ.

ಅಮೆರಿಕದಲ್ಲಿ ಹುಟ್ಟಿದ ಸಣ್ಣ ಬಂದೂಕು ಅದು. ಎಂಟು ಮೂಲೆಯ ಕಪ್ಪು ನಳಿಗೆ, ಆಕ್ರೋಡು ಮರದ ಬುಡ. ಹೊಟ್ಟೆಯ ಕೆಳಗೆ ಕಬ್ಬಿಣದ ಒಂದು ಬಳೆ. ಅದರೊಳಗೆ ಬೆರಳು ತೂರಿಸಿ ಕೆಳಕ್ಕೆ ಇಳಿಸಿದರೆ ಕಟಕ್, ಮೇಲಕ್ಕೆ ಎಳೆದರೆ ಚಟಕ್. ಸುಟ್ಟ ತೋಟಾದ ಹಿತ್ತಾಳೆ ಚಿಪ್ಪು ಮಿಡತೆಯ ಹಾಗೆ ಹಾರಿ ಬೀಳುತ್ತಿತ್ತು, ಹೊಸದು ತಾನಾಗಿಯೇ ಒಳಗೆ ಹೋಗಿ ಕೂರುತ್ತಿತ್ತು. ಪಂಚಾಕ್ಷರಯ್ಯನವರು ಅದರಿಂದ ಇರುವೆಯನ್ನೂ ಕೊಂದವರಲ್ಲ. ಭಾನುವಾರ ಅಂಗಡಿ ಮುಚ್ಚಿದ ಮೇಲೆ ಹಿತ್ತಲಿಗೆ ಹೋಗುವುದು, ಹುಣಸೆಮರದ ಕೊಂಬೆಗೆ ಬಲಿತ ಸೋರೆಕಾಯಿಯನ್ನೋ ಬುಗುರಿಯನ್ನೋ ನೇತುಹಾಕುವುದು, ನಲವತ್ತು ಹೆಜ್ಜೆ ಹಿಂದೆ ಬಂದು ಗುರಿಯಿಟ್ಟು ಹೊಡೆಯುವುದು. ಅಷ್ಟೇ. ಮರದ ಹಿಂದೆ ಮಲಗಿದ ಆನೆಯಂಥ ದೊಡ್ಡ ಬಂಡೆ ಇತ್ತು. ತಪ್ಪಿದ ಗುಂಡನ್ನೆಲ್ಲ ಅದು ನುಂಗಿಕೊಳ್ಳುತ್ತಿತ್ತು.

"ಅಯ್ನೋರೆ, ಇವತ್ತಿನ ಬ್ಯಾಟೆ ಏನು? ಸೋರೆಕಾಯೋ, ಹೀರೆಕಾಯೋ?" ಎಂದು ಪಕ್ಕದ ಹೊಲದ ಬೋರಲಿಂಗಯ್ಯ ಬೇಲಿಯ ಮೇಲಿಂದ ಕೂಗುತ್ತಿದ್ದ.

"ಹೀರೆಕಾಯಿ ಓಡೋಯ್ತು ಕಣಯ್ಯ, ಸಿಗ್ನಿಲ್ಲ," ಎನ್ನುತ್ತಿದ್ದರು ಇವರು, ಗುರಿಯಿಂದ ಕಣ್ಣು ಕೀಳದೆ.

ಆ ಹಿತ್ತಲಲ್ಲಿ ಚಿಪ್ಪು ಆಯುವವಳು ಅವರ ತಂಗಿಯ ಮಗಳು ಉಮಾಮಹೇಶ್ವರಿ. ತಾಯಿಯಿಲ್ಲದ ಹುಡುಗಿ, ಮಾವನ ಮನೆಯಲ್ಲಿ ಅಜ್ಜಿ ಸುಂದರಮ್ಮನ ಕಥೆಗಳನ್ನು ಹೊದ್ದು ಬೆಳೆದವಳು. ಒಂದೊಂದು ಚಿಪ್ಪನ್ನೂ ಬೆರಳ ತುದಿಗೆ ಟೋಪಿಯಂತೆ ಇಟ್ಟುಕೊಂಡು ತಿರುಗಿಸಿ ನೋಡುತ್ತಿದ್ದಳು. ಅದರ ಅಂಚಿನಲ್ಲಿ, ಯಾವಾಗಲೂ ಅಂಚಿನಲ್ಲೇ, ಉಗುರು ಒತ್ತಿದಂಥ ಗುರುತು. "ನಡುವಿಗೆ ಯಾಕೆ ಹೊಡೆಯಲ್ಲ ಮಾವ ಇದು?" ಎಂದು ಕೇಳಿದ್ದಳು. ಮದ್ದಿನ ಕಿಡಿ ಈ ಜಾತಿಯ ತೋಟಾದಲ್ಲಿ ಅಂಚಿನೊಳಗೆ ಅಡಗಿರುತ್ತದೆಂದು ಮಾವ ಹೇಳಿದಾಗ ಅವಳಿಗೆ ಮೂರು ದಿನ ಅದೇ ಯೋಚನೆ. ಏಳು ಸಮುದ್ರದಾಚೆ ಗಿಳಿಯಲ್ಲಿ ಪ್ರಾಣ ಇಟ್ಟ ರಾಕ್ಷಸನನ್ನು ಕೇಳಿದ್ದಳು. ಅಂಚಿನಲ್ಲಿ ಪ್ರಾಣ ಇಟ್ಟುಕೊಂಡದ್ದನ್ನು ಕಂಡದ್ದು ಇದೇ ಮೊದಲು.

ಮಾಗಡಿಗೆ ಅವಳನ್ನು ಮದುವೆ ಮಾಡಿಕೊಟ್ಟಿದ್ದರು. ದೀಪಾವಳಿ ಕಳೆದ ಮೇಲೆ ಗಂಡನ ಮನೆಗೆ ಹೊರಡಬೇಕು. "ಹೋಗೋಕೆ ಮುಂಚೆ ಐದು ತೋಟಾ ನಿನ್ನ ಕೈಲಿ ಹೊಡೆಸ್ತೀನಿ," ಎಂದು ಮಾವ ಮಾತು ಕೊಟ್ಟಿದ್ದರು. ಆ ಐದನ್ನು ಅವಳು ಕನಸಿನಲ್ಲಿ ಐನೂರು ಸಲ ಹೊಡೆದಿದ್ದಳು.

ಅಷ್ಟರಲ್ಲಿ ಆಯುಧಪೂಜೆ ಬಂತು. ಪೂಜೆ ಮುಗಿದ ಮುಂದಿನ ಭಾನುವಾರ ಬಂದೂಕಿಗೆ ಕಣ್ಣು ಹೋಯಿತು.

ಹಾಗೆಂದದ್ದು ಬೋರಲಿಂಗಯ್ಯ. ಆ ದಿನ ಪಂಚಾಕ್ಷರಯ್ಯನವರು ಹನ್ನೊಂದು ತೋಟಾ ಸುಟ್ಟರೂ ಬುಗುರಿ ಕದಲಲಿಲ್ಲ. ಅದರ ಮುಂದಿನ ಭಾನುವಾರ ಇನ್ನೇಳು ಸುಟ್ಟರೂ ಅಷ್ಟೇ. ಕಣ್ಣುಜ್ಜಿ ಹೊಡೆದರು, ಬಂದೂಕಿನ ಬುಡವನ್ನು ಹೆಗಲಿಗೆ ಒತ್ತಿ ಹೊಡೆದರು, ಕೊನೆಗೆ ಉಸಿರೇ ಬಿಗಿಹಿಡಿದು ಹೊಡೆದರು. ಬುಗುರಿ ಗಾಳಿಗೆ ತೂಗುತ್ತಾ ಅಣಕಿಸುವಂತೆ ನೋಡುತ್ತಿತ್ತು.

ಜಗುಲಿಯ ಮೇಲೆ ಕೂತಿದ್ದ ಸುಂದರಮ್ಮ ತೀರ್ಪು ಕೊಟ್ಟರು. "ಆಯುಧ ಮುನಿಸ್ಕೊಂಡೈತೆ ಕಣೋ. ಪೂಜೆಗೆ ಮುಂಚೆ ಯಾರೋ ಮೈಲಿಗೆ ಕೈಲಿ ಮುಟ್ಟವ್ರೆ."

ಉಮಾಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ನಾನು ಮುಟ್ಟಿದ್ದೆ ಅಜ್ಜಿ. ಪೂಜೆ ದಿನ ಬೆಳಿಗ್ಗೆ. ಸ್ನಾನಕ್ಕೆ ಮುಂಚೆ. ಬಳೆ ಒಳಗೆ ಬೆರಳು ಹಿಡಿಸುತ್ತಾ ಅಂತ ನೋಡ್ದೆ."

"ಶಿವನೇ! ನೋಡ್ದೇನೋ ಪಂಚಾಕ್ಷರಿ?"

ಪಂಚಾಕ್ಷರಯ್ಯನವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಂದೂಕನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, ಬೆನ್ನು ತಿರುಗಿಸಿಕೊಂಡೇ ಹೇಳಿದರು: "ಇನ್ಮೇಲೆ ಇದನ್ನ ಮುಟ್ಬೇಡವ್ವ. ಕೋಡಿಹಳ್ಳಿ ಪಟೇಲರು ಯಾವತ್ತಿಂದಲೋ ಕೇಳ್ತಾ ಅವ್ರೆ, ಮೊಲಕ್ಕೆ, ನವಿಲಿಗೆ ಬೇಕಂತೆ. ನಾಳೆ ಬಿಟ್ಟು ಮುಂದಿನ ಸೋಮವಾರ ಆಳು ಕಳಿಸ್ತಾರೆ. ಕೊಟ್ಟುಬುಡೋದು."

ಎರಡು ಮುಳ್ಳು ಒಟ್ಟಿಗೇ ನೆಟ್ಟವು. ಬಂದೂಕು ಕೆಟ್ಟದ್ದು ತನ್ನಿಂದ. ಸೋರೆಕಾಯಿ ಮಾತ್ರ ಬಲ್ಲ ಅದು ಇನ್ನು ಮೇಲೆ ನವಿಲಿನ ಎದೆ ನೋಡಬೇಕು. ಗಂಡನ ಮನೆಗೆ ಈ ಹೊರೆ ಹೊತ್ತುಕೊಂಡು ಹೋಗುವುದು ಹೇಗೆ? ಆದರೆ ದುಃಖದ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಇರುವೆಯ ಹಾಗೆ ಹರಿದಾಡುತ್ತಿತ್ತು: ಗುಂಡು ಬುಗುರಿಗೆ ತಾಗಲಿಲ್ಲ, ಸರಿ. ಹಾಗಾದರೆ ಎಲ್ಲಿಗೆ ಹೋಯಿತು?

ಮುಂದಿನ ಭಾನುವಾರ ಬೆಳಿಗ್ಗೆ, ಆಳು ಬರುವ ಸೋಮವಾರಕ್ಕೆ ಒಂದೇ ದಿನ ಉಳಿದಿರುವಾಗ, ಅವಳು ಹಿತ್ತಲ ಬಂಡೆಯ ಹತ್ತಿರ ಹೋದಳು. ಆನೆಯ ಹೊಟ್ಟೆಯ ಭಾಗದಲ್ಲಿ ಹಳೆಯ ಸೀಸದ ಕಲೆಗಳು, ಬೂದಿಬಣ್ಣಕ್ಕೆ ತಿರುಗಿದ್ದವು. ಅದಕ್ಕಿಂತ ಅರ್ಧ ಗೇಣು ಮೇಲೆ ಹೊಸ ಕಲೆಗಳು, ಬೆಳ್ಳಿಯ ಹಾಗೆ ಮಿನುಗುತ್ತಿದ್ದವು. ಒಂದು, ಎರಡು, ಹತ್ತು, ಹದಿನೆಂಟು. ಎಲ್ಲವೂ ಒಂದರ ಪಕ್ಕ ಒಂದು, ಅವಳ ಅಂಗೈ ಮುಚ್ಚುವಷ್ಟು ಜಾಗದಲ್ಲಿ!

ಅಂಗೈಯನ್ನು ಅಲ್ಲೇ ಇಟ್ಟುಕೊಂಡು ನಿಂತಳು. ಮುನಿಸಿಕೊಂಡವರು ಕೈಗೆ ಸಿಕ್ಕಿದ್ದನ್ನು ಎಲ್ಲೆಂದರಲ್ಲಿ ಎಸೆಯುತ್ತಾರೆ. ಇದು ಎಸೆದದ್ದಲ್ಲ, ಜೋಡಿಸಿ ಇಟ್ಟದ್ದು.

"ಏನ್ ಅಮ್ಮಣ್ಣಿ, ಬಂಡೆಗೆ ಜ್ವರ ಬಂದೈತಾ?"

ಚನ್ನಪಟ್ಟಣದ ನಿಯಾಜ್. ಮರದ ಆಟಿಕೆ ಕಡೆಯುವವನು. ಅರಗಿನ ಬಣ್ಣ ಸೀಳಿದ ಬುಗುರಿಗಳು ಪೇಟೆಯಲ್ಲಿ ಮಾರಿಹೋಗುವುದಿಲ್ಲವಾದ್ದರಿಂದ ತಿಂಗಳಿಗೊಮ್ಮೆ ಒಂದು ಕುಕ್ಕೆ ತಂದು ಪಂಚಾಕ್ಷರಯ್ಯನವರಿಗೆ ಕೊಟ್ಟುಹೋಗುತ್ತಿದ್ದ. ಉಮಾ ಅವನನ್ನು ಕರೆದು ಕಲೆಗಳನ್ನು ತೋರಿಸಿದಳು. "ಬಂದೂಕು ಮುನಿಸ್ಕೊಂಡೈತೆ ಅಂತಾರೆ ಅಜ್ಜಿ. ಮುನಿಸು ಹಿಂಗಿರುತ್ತಾ?"

ನಿಯಾಜ್ ಕುಕ್ಕೆ ಇಳಿಸಿ, ಬಂಡೆಯನ್ನು ಹತ್ತಿರದಿಂದ ನೋಡಿ ಗಡ್ಡ ಕೆರೆದುಕೊಂಡ. "ನಮ್ ಕೆಲಸದಾಗೂ ಹಿಂಗೇ ಆಯ್ತದೆ. ಬುಗುರಿಗೆ ಗೆರೆ ಹಾಕ್ತೀನಲ್ಲ, ಒಂದೊಂದು ಒಂದೊಂದು ಕಡೆ ಬಿದ್ರೆ ನನ್ ಕೈ ನಡುಗ್ತಾ ಐತೆ ಅಂತ. ನೂರು ಬುಗುರಿಗೂ ಒಂದೇ ಕಡೆ ತಪ್ಪಿದ್ರೆ ಕೈ ಸರಿಯಾಗೈತೆ, ಉಳಿ ಆನಿಸೋ ಕಟ್ಟೆ ಕೂದಲೆಳೆ ಎತ್ತರ ಆಗೈತೆ ಅಂತ. ಅದನ್ನ ಇಳಿಸ್ಕೊಂಡ್ರೆ ಆಯ್ತು."

"ಬಂದೂಕಿಗೆ ಅಂಥ ಕಟ್ಟೆ ಎಲ್ಲೈತೆ?"

"ನಂಗೇನ್ ಗೊತ್ತು? ಬುಗುರಿ ಕೇಳು, ಹೇಳ್ತೀನಿ."

ಉಮಾ ಒಳಗೆ ಓಡಿದಳು. ಗೂಟದ ಮೇಲೆ ಬಂದೂಕು ಇತ್ತು. ಮುಟ್ಟಬಾರದು ಎಂದಿದ್ದರಲ್ಲ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಕೊಕ್ಕರೆಯ ಹಾಗೆ ಕತ್ತು ಚಾಚಿ ಬುಡದಿಂದ ತುದಿಯವರೆಗೆ ನೋಡುತ್ತಾ ಹೋದಳು. ತುದಿಯಲ್ಲಿ ಅಕ್ಕಿಕಾಳಿನಷ್ಟು ಒಂದು ಮೊಳೆ. ಈಚೆಗೆ, ಕಣ್ಣಿಗೆ ಹತ್ತಿರದಲ್ಲಿ, ಎರಡು ಪುಟ್ಟ ಕೊಂಬುಗಳು ಒಳಕ್ಕೆ ಬಾಗಿ ನಿಂತಿದ್ದವು. ಈ ಕೊಂಬುಗಳ ನಡುವಿನ ಸೀಳಿನಲ್ಲಿ ಆ ಮೊಳೆಯನ್ನು ಕೂರಿಸಿ, ಮೊಳೆಯ ಮೇಲೆ ಬುಗುರಿಯನ್ನು ಕೂರಿಸಿ ಹೊಡೆಯಬೇಕೆಂದು ಮಾವ ಎಷ್ಟೋ ಸಲ ಹೇಳಿದ್ದರು.

ಈಗ ಸೀಳೇ ಇರಲಿಲ್ಲ. ಅಲ್ಲಿ ಹಳದಿಗಟ್ಟಿದ ಏನೋ ಒಂದು ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಮೂಗು ಹತ್ತಿರ ತಂದಳು. ಗಂಧ.

ತಟ್ಟನೆ ಪೂಜೆಯ ದಿನ ಕಣ್ಣಿಗೆ ಕಟ್ಟಿತು. ಅಂಗಡಿಯ ಗಜಕಡ್ಡಿ, ಕತ್ತರಿ, ಕುಡುಗೋಲು, ಒನಕೆ ಎಲ್ಲವನ್ನೂ ಸಾಲಾಗಿಟ್ಟು ಅಜ್ಜಿ ಒಂದೊಂದಕ್ಕೂ ಗಂಧ ಇಡುತ್ತಿದ್ದರು. ಕಣ್ಣಿಗೆ ಪೊರೆ ಬಂದದ್ದರಿಂದ ಬೆರಳಲ್ಲೇ ತಡವಿ ನೋಡಿ ಇಡುವುದು. "ಎಲ್ಲದಕ್ಕೂ ಒಂದು ಹಣೆ ಇರ್ತದೆ ಕಣವ್ವ, ಹುಡುಕಬೇಕು ಅಷ್ಟೇ." ಬಂದೂಕಿನ ಸರದಿ ಬಂದಾಗ ಉದ್ದಕ್ಕೂ ತಡವಿ, ಆ ಎರಡು ಕೊಂಬು ಸಿಕ್ಕಿದೊಡನೆ ಅಜ್ಜಿಯ ಮುಖ ಅರಳಿತ್ತು. "ಓ, ಬಸವಣ್ಣ ಇಲ್ಲೇ ಅವ್ನೆ!" ಎಂದು ಕೊಂಬುಗಳ ನಡುವೆ ಧಾರಾಳವಾಗಿ ಗಂಧ ಮೆತ್ತಿದ್ದರು.

ಸೀಳು ಮುಚ್ಚಿದ ಮೇಲೆ ಮಾವ ಮೊಳೆಯನ್ನು ಗಂಧದ ಮೇಲೆ ಎತ್ತಿ ನೋಡಬೇಕಾಗಿತ್ತು. ಮೊಳೆ ಎದ್ದರೆ ನಳಿಗೆಯ ಮೂತಿಯೂ ಏಳುತ್ತದೆ. ಕೂದಲೆಳೆ ಇಲ್ಲಿ, ಅರ್ಧ ಗೇಣು ಅಲ್ಲಿ.

ಉಮಾಗೆ ಕುಣಿಯಬೇಕೆನಿಸಿತು. ಆದರೆ ಇದನ್ನು ಹೇಳುವುದೆಂದರೆ ಅಜ್ಜಿಯ ಕಡೆ ಬೆರಳು ತೋರಿಸುವುದು. ಹೇಳದಿದ್ದರೆ ನಾಳೆ ಪಟೇಲರ ಆಳು.

ಜಗುಲಿಗೆ ಹೋಗಿ ಅಜ್ಜಿಯ ಮೊಣಕಾಲಿಗೆ ಒರಗಿ ಕೂತಳು. ಅಜ್ಜಿ ಹೂಬತ್ತಿ ಹೊಸೆಯುತ್ತಿದ್ದರು.

"ಅಜ್ಜಿ, ಗುಡಿಯಲ್ಲಿ ಶಿವನ್ನ ಬಸವನ ಕೊಂಬಿನ ನಡುವೆಯೇ ಯಾಕೆ ನೋಡ್ಬೇಕು? ಚಿಕ್ಕವಳಿದ್ದಾಗ ನನ್ನ ಎತ್ತಿ ತೋರಿಸ್ತಿದ್ರಲ್ಲ."

"ಇನ್ನೇನವ್ವ ಮತ್ತೆ? ಮನುಷ್ಯರ ಕಣ್ಣು ಮಂಗ ಇದ್ದಂಗೆ. ಕಂಬ ನೋಡ್ತದೆ, ಕಾಯಿ ನೋಡ್ತದೆ, ಪಕ್ಕದೋಳ ಸೀರೆ ನೋಡ್ತದೆ. ಕೊಂಬಿನ ನಡುವೆ ಇಟ್ರೆ ಅತ್ತ ಇತ್ತ ಹೋಗಲ್ಲ. ನೆಟ್ಟಗೆ ಅವನನ್ನೇ ನೋಡ್ತದೆ."

"ಆ ನಡುವೆ ಯಾರಾದ್ರೂ ಹೂ ತುರುಕಿಬಿಟ್ರೆ?"

"ಯಾವೋನವ್ವ ಅಂಥ ಪೆದ್ದ? ಹೂವ ಕೊಂಬಿನ ಮೇಲಿಡ್ತಾರೆ. ನಡುವೆ ತುರುಕಿದ್ರೆ ಬಂದೋರು ಶಿವನ್ನ ನೋಡೋದೆಂಗೆ? ಹೂವಿನ ಮೇಲಾಸಿ ಎಗರಿ ಗೋಪುರ ನೋಡ್ಕೊಂಡು ಹೋ..."

ಹೂಬತ್ತಿ ಹೊಸೆಯುತ್ತಿದ್ದ ಬೆರಳು ನಿಂತಿತು. ಅಜ್ಜಿಯ ಹೆಬ್ಬೆರಳು ತೋರುಬೆರಳಿನ ತುದಿಯನ್ನು ಮೆಲ್ಲಗೆ ಉಜ್ಜಿತು, ಅಂದು ಮೆತ್ತಿದ ಗಂಧವನ್ನು ಮತ್ತೆ ಹುಡುಕುವ ಹಾಗೆ.

"ಆ ಬಂದೂಕಿಗೂ ಕೊಂಬೈತೆ," ಎಂದರು.

"ಐತಜ್ಜಿ."

"ಪೆದ್ದ ಅಲ್ಲ, ಪೆದ್ದಿ ಅನ್ನು." ಅಜ್ಜಿಯ ಹೊಟ್ಟೆ ಕುಲುಕಿತು. ನಗುವೋ ಅಳುವೋ ತಿಳಿಯದೆ ಉಮಾ ತಲೆ ಎತ್ತುವಷ್ಟರಲ್ಲಿ ಅಜ್ಜಿ ಗಟ್ಟಿಯಾಗಿ ಕೂಗಿದರು: "ಲೋ ಪಂಚಾಕ್ಷರೀ! ಬಂದೂಕು ತಗೊಂಡು ಹಿತ್ತಲಿಗೆ ಬಾ! ಒಂದು ಪರಕೆ ಕಡ್ಡಿ, ಒಸಿ ಬಿಸಿನೀರು!"

"ನಾಳೆ ಕೊಡೋದಕ್ಕೆ ಪರಕೆ ಕಡ್ಡಿ ಯಾಕವ್ವ?"

"ಬಾ ಅಂದ್ರೆ ಬಾ. ಸೋರೆಕಾಯಿ ಕೊಂದಷ್ಟು ಸುಲಭ ಅಲ್ಲ ತಾಯಿಗೆ ಎದುರು ಮಾತಾಡೋದು."

ಹಿತ್ತಲಲ್ಲಿ, ಮಗ ಬಂದೂಕು ಹಿಡಿದಿದ್ದಂತೆಯೇ, ಸುಂದರಮ್ಮ ಬಿಸಿನೀರು ಹನಿಸಿ ಕಡ್ಡಿಯಿಂದ ಗಂಧ ಕೆರೆದು ತೆಗೆದರು, ಸೆರಗಿನ ತುದಿಯಿಂದ ಒರೆಸಿದರು. ಉಮಾ ಬಂಡೆಯ ಕಲೆಗಳನ್ನು ತೋರಿಸಿ, ನಿಯಾಜನ ಕಟ್ಟೆಯ ಮಾತನ್ನೂ ಹೇಳಿದಳು. ಪಂಚಾಕ್ಷರಯ್ಯನವರು ಸೀಳನ್ನು ನೋಡಿದರು, ಬಂಡೆಯನ್ನು ನೋಡಿದರು, ತಮ್ಮ ಹದಿನೆಂಟು ತೋಟಾಗಳನ್ನು ನೆನೆದು ಹಣೆ ಚಚ್ಚಿಕೊಂಡರು. "ದಿನಾ ಕಣ್ಣಿಟ್ಟು ನೋಡೋ ಜಾಗ ಕಣವ್ವ! ದೇವರ ಗಂಧ ಅಂತ ತೆಗೀದೆ ಬುಟ್ಟೆ. ತಾ, ಹೊಡೆದೇ ಬುಡ್ತೀನಿ."

"ನೀ ತಡಿ," ಎಂದರು ಸುಂದರಮ್ಮ. "ಮುಟ್ಟಿದ್ದಕ್ಕೆ ಬೈಸ್ಕೊಂಡೋಳು ಮೊದ್ಲು ಮುಟ್ಟಲಿ."

ನಿಯಾಜ್ ಕುಕ್ಕೆಯಿಂದ ಒಂದು ಕೆಂಪು ಬುಗುರಿ ಆರಿಸಿ ದಾರಕ್ಕೆ ಕಟ್ಟಿದ. ಬೋರಲಿಂಗಯ್ಯ ಎಲ್ಲ ಕೆಲಸ ಬಿಟ್ಟು ಬೇಲಿಗೆ ಬಂದ. "ಓಹೋ, ಅಮ್ಮಣ್ಣಿ ಬ್ಯಾಟೆಯಾ? ನನ್ ಎಮ್ಮೆ ಒಳಗೆ ಕಟ್ಟಿ ಬತ್ತೀನಿ, ತಡೀರಿ."

ಬಂದೂಕು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಬಳೆಯೊಳಗೆ ಬೆರಳು ಸರಿಯಾಗಿ ಹಿಡಿಸಿದವು. ಕಟಕ್, ಚಟಕ್. ಮಾವ ಬುಡವನ್ನು ಅವಳ ಹೆಗಲಿಗೆ ಸರಿಮಾಡಿ ಕೊಟ್ಟರು. ಮೊದಲ ಸಲ ಬೆರಳಡಿಯ ಕುದುರೆ ಒತ್ತುವಾಗ ಅವಳ ಎರಡೂ ಕಣ್ಣು ಮುಚ್ಚಿಹೋದವು. ಚಟ್ ಎಂದು ಒಣಕಡ್ಡಿ ಮುರಿದಂಥ ಸದ್ದು, ಅಷ್ಟೇ. ಬಂಡೆಯ ಬುಡದಿಂದ ಮಣ್ಣು ಹಾರಿತು.

"ಇಲಿ ಸತ್ತೋಯ್ತು!" ಎಂದ ಬೋರಲಿಂಗಯ್ಯ.

"ಕಣ್ಣು ಮಂಗ ಇದ್ದಂಗೆ," ಎಂದರು ಅಜ್ಜಿ, ಯಾರಿಗೂ ಅಲ್ಲವೆಂಬಂತೆ.

ಎರಡನೆಯದು ದಾರದ ಪಕ್ಕ ಹಾದುಹೋಯಿತು. ಮೂರನೆಯದಕ್ಕೆ ಉಮಾ ಅವಸರ ಮಾಡಲಿಲ್ಲ. ಎರಡು ಕೊಂಬು. ನಡುವೆ ಅಕ್ಕಿಕಾಳಿನಷ್ಟು ಮೊಳೆ. ಹುಣಸೆಮರ ಮಸುಕಾಯಿತು, ಬೇಲಿ ಮಸುಕಾಯಿತು, ಬೋರಲಿಂಗಯ್ಯ ಇಲ್ಲವೇ ಇಲ್ಲ. ಉಳಿದದ್ದು ದೂರದ ಗರ್ಭಗುಡಿಯ ದೀಪದಂಥ ಒಂದು ಕೆಂಪು ಚುಕ್ಕೆ. ಬೆರಳು ತನ್ನಷ್ಟಕ್ಕೆ ಮಡಚಿಕೊಂಡಿತು.

ಟಕ್!

ಕೆಂಪು ಅರಗು ಕುಂಕುಮದ ಹಾಗೆ ಚೆಲ್ಲಿತು. ಬುಗುರಿ ದಾರದಲ್ಲೇ ಗಿರಗಿರನೆ ತಿರುಗತೊಡಗಿತು. "ಸೀಳಿದ ಬುಗುರಿ ತಿರುಗಲ್ಲ ಅಂತ ವಾಪಸ್ ಕಳಿಸಿದ್ರು ಪೇಟೆಯೋರು," ಎಂದ ನಿಯಾಜ್, ಸಂತೋಷ ತಡೆಯಲಾರದೆ.

ಪಂಚಾಕ್ಷರಯ್ಯನವರು ತಾಯಿಯ ಕಡೆ ತಿರುಗಿದರು. "ನಾಳೆ ಪಟೇಲರ ಆಳಿಗೆ ಏನ್ ಹೇಳೋದು ಈಗ?"

"ಬರಿಗೈಲಿ ಕಳಿಸ್ಬ್ಯಾಡಿ ಅಯ್ನೋರೆ," ಎಂದ ಬೋರಲಿಂಗಯ್ಯ. "ಒಂದು ಸೋರೆಕಾಯಿ ಕೊಡಿ."

"ಎರಡು ಕೊಡ್ತೀನಿ," ಎಂದರು ಪಂಚಾಕ್ಷರಯ್ಯನವರು. ಆಮೇಲೆ ಉಮಾ ಕಡೆ ನೋಡದೆ, ಬುಗುರಿಯ ಕಡೆ ನೋಡುತ್ತಾ, "ಇನ್ನೂ ಎರಡು ತೋಟಾ ಐತೆ ನಿನ್ನ ಲೆಕ್ಕದಾಗೆ," ಎಂದರು.

ಉಮಾ ಹೊಡೆಯಲಿಲ್ಲ. ಬಂದೂಕನ್ನು ಹಿತ್ತಲ ಕಟ್ಟೆಯ ಮೇಲೆ ಮರಳುಚೀಲಕ್ಕೆ ಆನಿಸಿ, ಬುಗುರಿಯ ನೇರಕ್ಕೆ ತಿರುಗಿಸಿ, ಅಜ್ಜಿಯ ಕೈಹಿಡಿದು ಕರೆತಂದಳು. ಎತ್ತಿಕೊಳ್ಳುವುದು ಈಗ ತನ್ನ ಸರದಿ ಎಂಬಂತೆ ಅಜ್ಜಿಯ ಬೆನ್ನಿಗೆ ತೋಳು ಕೊಟ್ಟು ಬಗ್ಗಿಸಿದಳು. ಸುಂದರಮ್ಮ ಪೊರೆ ಬಂದ ಕಣ್ಣನ್ನು ಆ ಎರಡು ಕೊಂಬುಗಳ ಹಿಂದೆ ತಂದು, ಎರಡು ಬೆರಳನ್ನು ಅವುಗಳ ಮೇಲಿಟ್ಟು, ಬಹಳ ಹೊತ್ತು ನೋಡಿದರು.

"ಏನಾದ್ರೂ ಕಾಣ್ತದಾ ಅಜ್ಜಿ?"

"ತಡಿ, ಮಾತಾಡಿಸ್ಬ್ಯಾಡ," ಎಂದರು ಸುಂದರಮ್ಮ. "ಕೆಂಪಗೆ ಏನೋ ಐತೆ. ಇನ್ನೂ ತಿರುಗ್ತಾನೇ ಐತೆ."