ಅರ್ಧ ಮಿಲಿಮೀಟರ್

ಅರಸೀಕೆರೆಯ ಚಿದಂಬರನ ಶೆಡ್ಡಿನಲ್ಲಿ ಒಮ್ಮೆ ರಿಪೇರಿಯಾದ ಲಾರಿ ಅದೇ ದೂರು ಹೊತ್ತು ಮರಳಿ ಬಂದದ್ದಿಲ್ಲ ಎಂಬ ಮಾತಿತ್ತು. ಹಾಗಾಗಿ, ಹಿಂದಿನ ಚಕ್ರಗಳನ್ನು ತಿರುಗಿಸುವ ಡಿಫರೆನ್ಷಿಯಲ್‌ಗೆ ಹೊಸ ಬೇರಿಂಗ್ ಹಾಕಿಸಿಕೊಂಡು ಹೋಗಿದ್ದ ಉಷಾರಾಣಿಯವರ ಲಾರಿ ಮೂರನೆಯ ದಿನವೇ ವಾಪಸ್ಸಾಗಿದೆ ಎಂದು ತಿಳಿದಾಗ ಅವನಿಗೆ ಮೊದಲು ಬಂದದ್ದು ಸಿಟ್ಟು.

ಅವನು ಹೋದಾಗ ಲಾರಿ ಉಷಾರಾಣಿಯವರ ಕೊಬ್ಬರಿ ಮಂಡಿಯ ಮುಂದೆ ನಿಂತಿತ್ತು. ಮಾದಿಹಳ್ಳಿಯ ಕಾಳಯ್ಯ ಹನ್ನೊಂದು ವರ್ಷದಿಂದ ಅದರ ಡ್ರೈವರ್.

"ಅಣ್ಣ, ಹಿಂದ್ಗಡೆ ಹೌಸಿಂಗ್ ಸುಡ್ತಾ ಐತೆ. ಜಾವಗಲ್ ಬರೋದ್ರೊಳ್ಗೆ ಕೈ ಇಡಕ್ಕಾಗಲ್ಲ," ಎಂದ.

ಚಿದಂಬರ ಬಗ್ಗಿ ನೋಡಲೂ ಇಲ್ಲ. "ನೀನು ಓಡ್ಸೋ ರೀತಿಗೆ ಇನ್ನೇನಾಗ್ತದೆ? ಅಳತೆ ಮೀರಿ ಲೋಡ್ ಹಾಕ್ತೀಯ. ನಾನು ಹಾಕಿದ್ ಆಯಿಲ್‌ನಾದ್ರೂ ಹಾಗೇ ಬಿಟ್ಟಿದ್ದೀಯೋ, ಇಳಿಸ್ಕೊಂಡು ಮಾರ್ಕೊಂಡ್ಯೋ?"

ಚೀಲ ಹೊರುತ್ತಿದ್ದ ಹಮಾಲರು ನಿಂತು ಕೇಳಿದರು. ಉಷಾರಾಣಿಯವರೂ ಕೇಳಿಸಿಕೊಂಡರು. ಅಂದು ಸಂಜೆ ಅವರು ಕಾಳಯ್ಯನಿಂದ ಕೀ ಇಸಿದುಕೊಂಡು ಸುನಿಲ್ ಎಂಬ ಬೇರೆ ಡ್ರೈವರನಿಗೆ ಕೊಟ್ಟರು.

ಐದು ದಿನ ಕಳೆದಿತ್ತು. ಬೆಳಿಗ್ಗೆ ಹತ್ತರ ಸುಮಾರಿಗೆ ಉಷಾರಾಣಿ ಫೋನ್ ಮಾಡಿದರು. "ಗಾಡಿ ಹಳೇಬೀಡು ದಾಟಿ ಬಸ್ತಿಹಳ್ಳಿ ಹತ್ರ ನಿಂತೋಗಿದೆ. ಹಿಂದೆ ಹೊಗೆ ಬರ್ತಿದ್ಯಂತೆ. ಈಗ ಕಾಳಯ್ಯ ಓಡಿಸ್ತಿಲ್ವಲ್ಲ ಚಿದಂಬರಪ್ಪ, ನೀವೇ ಹೋಗಿ ನೋಡಿ."

ಚಿದಂಬರ ಹೋದಾಗ ಲಾರಿಯ ಪಕ್ಕದಲ್ಲಿ ಸುನಿಲನ ಜೊತೆ ಕಾಳಯ್ಯನೂ ನಿಂತಿದ್ದ. ಅವನ ಊರು ಮಾದಿಹಳ್ಳಿ ಹತ್ತಿರವೆಂದು, ಬೇರೆ ಯಾರೂ ಸಿಗದೆ, ಲೋಡು ಕಾಯಲು ಉಷಾರಾಣಿಯವರೇ ಅವನನ್ನು ಕರೆಸಿದ್ದರು. ಅವನು ಚಿದಂಬರನ ಮುಖ ನೋಡಲಿಲ್ಲ.

ಚಿದಂಬರ ಮೊದಲು ಹಿಂದಿನ ಚಕ್ರಗಳ ಡ್ರಮ್ ಮುಟ್ಟಿದ. ಬೆಚ್ಚಗಿದ್ದವು, ಅಷ್ಟೇ, ಬ್ರೇಕ್ ಕಚ್ಚಿಕೊಂಡು ಬಿಸಿಯಾದದ್ದಲ್ಲ. ಆಯಿಲ್ ಮುಚ್ಚಳ ತೆಗೆದು ಬೆರಳಿಟ್ಟ. ಆಯಿಲ್ ಅವನು ಹಾಕಿದ್ದಷ್ಟೇ ಇತ್ತು, ಆದರೆ ಸೀದ ವಾಸನೆ. ಬಿಸಿಯೆಲ್ಲ ಡಿಫರೆನ್ಷಿಯಲ್ ಕೂರುವ ಹೌಸಿಂಗಿನ ಮೂತಿಯಲ್ಲಿ, ಪಿನಿಯನ್ ಎಂಬ ಹಲ್ಲಿನ ದಂಡದ ಬೇರಿಂಗ್‌ಗಳಿರುವ ಜಾಗದಲ್ಲಿತ್ತು. ಮುಂದಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಕಳಚಿ ಪಿನಿಯನ್ ತಿರುಗಿಸಿ ನೋಡಿದ. ಒಂದು ಕೈಯಲ್ಲಿ ಸಲೀಸಾಗಿ ತಿರುಗಬೇಕಾದದ್ದು ಎರಡು ಕೈ ಹಾಕಿದರೂ ಬಿಗಿಯಾಗಿತ್ತು.

ಮೂವರೂ ಸೇರಿ ಡಿಫರೆನ್ಷಿಯಲ್ ಇಳಿಸಿದರು. ಬಿಚ್ಚಿದರೆ, ಬೇರಿಂಗ್ ಸುಟ್ಟು ನೀಲಿಗಟ್ಟಿತ್ತು. ಎರಡು ಬೇರಿಂಗ್‌ಗಳ ನಡುವೆ ಉಕ್ಕಿನ ತೆಳ್ಳನೆಯ ಬಳೆಯೊಂದು ಕೂರುತ್ತದೆ. ಅದರ ದಪ್ಪ ಕಡಿಮೆಯಾದರೆ ಬೇರಿಂಗ್ ಬಿಗಿದುಕೊಳ್ಳುತ್ತದೆ. ಬೇಕಾದದ್ದು ಅರ್ಧ ಮಿಲಿಮೀಟರ್. ಚಿದಂಬರ ಬಳೆಯನ್ನು ಒರೆಸಿ ಮೈಕ್ರೋಮೀಟರಿಗೆ ಸಿಕ್ಕಿಸಿದ. ಗೆರೆಗಳು ಒಂದರೊಳಗೊಂದು ಕಲಸಿಹೋದವು. ದೂರ ಹಿಡಿದ, ಹತ್ತಿರ ಹಿಡಿದ, ಬಿಸಿಲಿಗೆ ಹಿಡಿದ. ರಿಪೇರಿಯ ದಿನವೂ ಹೀಗೇ ಆಗಿತ್ತು. ಮೇಸ್ತ್ರಿಗೆ ಕಣ್ಣು ಮಂಜಾಗಿದೆ ಎಂದು ಯಾರಿಗೂ ತಿಳಿಯಬಾರದೆಂದು ಬೆರಳಲ್ಲಿ ಸವರಿ, ಅಂದಾಜಿನಲ್ಲೇ ಹಾಕಿಬಿಟ್ಟಿದ್ದ.

ಸುನಿಲನಿಗೆ ಕೊಡಬಹುದಿತ್ತು. ಆದರೆ ಮೈಕ್ರೋಮೀಟರನ್ನು ಕಾಳಯ್ಯನ ಕಡೆ ಚಾಚಿದ.

"ಕಾಳಯ್ಯ, ಇದೆಷ್ಟು ತೋರಿಸ್ತದೆ ನೋಡು. ನಂಗೆ ಕಾಣ್ತಿಲ್ಲ."

ಕಾಳಯ್ಯ ಈಸಿಕೊಂಡು ನೋಡಿದ. "ಸೊನ್ನೆ ಪಾಯಿಂಟ್ ಮೂರು."

"ಐದಿರ್ಬೇಕಿತ್ತು," ಎಂದ ಚಿದಂಬರ. "ತಪ್ಪು ನಂದು ಕಣಪ್ಪ."

ಕಾಳಯ್ಯ ಮೈಕ್ರೋಮೀಟರನ್ನು ಬಟ್ಟೆಯ ಮೇಲಿಟ್ಟು ಎದ್ದುಹೋದ.

ಬೇರಿಂಗ್ ತರಿಸಿ, ಈ ಸಲ ಸುನಿಲನಿಂದ ಅಳತೆ ಓದಿಸಿಕೊಂಡು ಕೂರಿಸಿದ್ದಾಯಿತು. ಮಾರನೆಯ ದಿನ ಚಿದಂಬರ ಮಂಡಿಗೆ ಹೋದ. ಕಾಳಯ್ಯನನ್ನೂ ಬರಹೇಳಿದ್ದ. ಅಂದಿನ ಅದೇ ಹಮಾಲರಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿದ.

"ಕಾಳಯ್ಯ ಆಯಿಲ್ ಮುಟ್ಟಿರಲಿಲ್ಲ. ಹೆಚ್ಚು ಲೋಡೂ ಹಾಕಿರಲಿಲ್ಲ. ನನಗೆ ಅಳತೆ ಕಾಣಿಸ್ಲಿಲ್ಲ, ಅಂದಾಜಲ್ಲಿ ಜೋಡಿಸ್ದೆ. ಕೇಳಕ್ಕೆ ಬಂದವನ ಮೇಲೆ ಕಳ್ಳತನ ಹೊರಿಸ್ದೆ."

ಉಷಾರಾಣಿ ಕೀ ತಂದು ಕಾಳಯ್ಯನ ಕೈಗಿಟ್ಟು, "ನಾನೂ ವಿಚಾರಿಸದೇನೇ ಕಿತ್ಕೊಂಡೆ ಕಾಳಯ್ಯ," ಎಂದರು.

ಹೊರಗೆ ಬಂದಮೇಲೆ ಕಾಳಯ್ಯ ಚಿದಂಬರನ ಕಡೆ ತಿರುಗಿದ. "ಇಲ್ಲಿ ಹೇಳಿದ್ರಿ, ಸರಿ ಅಣ್ಣ. ಬೇಲೂರಲ್ಲಿ ನಮ್ ಬೀಗ್ರು ನಂಜಪ್ಪನವ್ರಿಗೂ ಸುದ್ದಿ ಮುಟ್ಟೈತೆ. ನಿಮ್ಮಪ್ಪ ಆಯಿಲ್ ಕದ್ದನಂತೆ ಅಂತ ನನ್ ಮಗಳನ್ನ ಕೇಳವ್ರೆ. ಅಲ್ಲಿಗ್ ಯಾರು ಹೋಗಿ ಹೇಳ್ತಾರೆ?"

"ನಾನೇ ಹೋಗ್ತೀನಿ."

ಭಾನುವಾರ ಚಿದಂಬರ ಬಸ್ಸಿನಲ್ಲಿ ಬೇಲೂರಿಗೆ ಹೋದ. ನಂಜಪ್ಪನವರು ಜಗುಲಿಯಲ್ಲಿ ಕೂರಿಸಿ ಪೂರ್ತಿ ಕೇಳಿಸಿಕೊಂಡರು. ಬಾಗಿಲ ಹಿಂದೆ ಕಾಳಯ್ಯನ ಮಗಳು ಲಾವಣ್ಯ ನಿಂತಿದ್ದಳು. ಮಾತು ಮುಗಿದಮೇಲೆ ಅವಳೇ ಕಾಫಿ ತಂದಳು. ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಚಿದಂಬರ ತಲೆ ತಗ್ಗಿಸಿ ಕೂತ. ಅವಳ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

"ಕುಡೀರಿ ದೊಡ್ಡಪ್ಪ, ಆರೋಗುತ್ತೆ," ಎಂದಳು ಅವಳು.