ಅಧ್ಯಕ್ಷರ ಕೋಟು

ಹೇಳಿಬಿಡಲೇ? ಹೇಳುವುದಾದರೆ ಒಂದೇ ಮಾತು. ಅಕ್ಕಾ, ಅದು ಹಳೆಯ ಕೋಟು, ಆ ಮನುಷ್ಯ ಈಗ ಅಷ್ಟು ದಪ್ಪ ಇಲ್ಲ. ಯಾಕೆ ಎಂದು ಅವಳು ಕೇಳುತ್ತಾಳೆ. ಕೇಳದೆ ಬಿಡುವವಳಲ್ಲ. ಆಗ ಆಸ್ಪತ್ರೆಯ ಮಾತು ಬರುತ್ತದೆ. ಅದನ್ನು ಯಾರ ಮುಂದೆಯೂ ಆಡುವುದಿಲ್ಲವೆಂದು ಅವನು ಅಧ್ಯಕ್ಷರಿಗೆ ಮಾತು ಕೊಟ್ಟಿದ್ದಾನೆ. ಕಾರಣ ಬಿಟ್ಟು ಬರೀ ಅಳತೆಯನ್ನಷ್ಟೇ ಹೇಳಿದರೆ? ಅಳತೆ ಹೇಳಿದರೆ ಕಾರಣ ಹೇಳಿದಂತೆಯೇ.

ಹೀಗೆ ಯೋಚಿಸುತ್ತ ಅವನು ಅಕ್ಕನ ಹೊಲಿಗೆ ಕೋಣೆಯ ಬಾಗಿಲಲ್ಲೇ ನಿಂತಿದ್ದ. ಕೆಳಗೆ ಟೈರ್ ಅಂಗಡಿ. ರಬ್ಬರಿನ ವಾಸನೆ ಮೆಟ್ಟಿಲು ಹತ್ತಿ ಬಂದು ಇಸ್ತ್ರಿಯ ಹಬೆಯಲ್ಲಿ ಬೆರೆಯುತ್ತಿತ್ತು. ಹಿಂದೆ ಈ ಕೋಣೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಈಗ ಮೂಲೆಯ ಹೊಲಿಗೆ ಯಂತ್ರಗಳ ಮೇಲೆ ಬಟ್ಟೆ ಹೊದಿಸಿತ್ತು. ಹೊಲಿಯುತ್ತಿದ್ದವರು ಒಬ್ಬೊಬ್ಬರಾಗಿ ಊರಾಚೆಯ ದೊಡ್ಡ ಗಾರ್ಮೆಂಟ್ಸಿಗೆ ಹೋಗಿದ್ದರು. ಉಳಿದವಳು ಒಬ್ಬಳೇ, ಗುಂಡಿ, ಕಾಜ ಮಾಡುವ ಮುದುಕಿ. ಎಲ್ಲರೂ ಅವಳನ್ನು ಗುಂಡಿಯಮ್ಮ ಎಂದೇ ಕರೆಯುತ್ತಿದ್ದರು.

"ಬಂದ್ರಪ್ಪ ಸೆಕ್ರೆಟರಿ ಸಾಹೇಬ್ರು," ಎಂದಳು ಗುಂಡಿಯಮ್ಮ. "ಬಾಗಿಲು ಬೀಳಲ್ಲ, ಹಿಡ್ಕೊಂಡು ನಿಲ್ಬೇಡಿ. ಒಳಗೆ ಬನ್ನಿ."

ಅವನು ವರ್ತಕರ ಸಂಘದ ಅಧ್ಯಕ್ಷರಿಗೆ ಕಾರ್ಯದರ್ಶಿ. ಅಧ್ಯಕ್ಷರಿಗೆ ಹೋಟೆಲುಗಳಿದ್ದವು, ಸಿಮೆಂಟಿನ ಗೋದಾಮುಗಳಿದ್ದವು. ವರ್ಷಕ್ಕೊಮ್ಮೆ ಸಂಘ 'ನಮ್ಮ ಊರು, ನಮ್ಮ ಉಡುಪು' ಎಂಬ ಸಂಜೆಯನ್ನು ನಡೆಸುತ್ತಿತ್ತು. ದೊಡ್ಡ ದೊಡ್ಡ ವ್ಯಾಪಾರಸ್ಥರು ಊರಿನ ದರ್ಜಿಗಳು ಹೊಲಿದ ಬಟ್ಟೆ ತೊಟ್ಟು ವೇದಿಕೆಯ ಮೇಲೆ ನಡೆಯುತ್ತಿದ್ದರು. ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ ಬರುತ್ತಿತ್ತು. ಈ ಸಲ ಅಧ್ಯಕ್ಷರ ಕೋಟು ಅಕ್ಕನ ಪಾಲಿಗೆ ಬಂದಿತ್ತು, ಅವನೇ ಮಾತಾಡಿ ಕೊಡಿಸಿದ್ದ. ಕೋಟು ಮೆಚ್ಚಿಗೆಯಾದರೆ ಹೋಟೆಲ್ ಸಿಬ್ಬಂದಿಯ ಸಮವಸ್ತ್ರಗಳೆಲ್ಲ ಅವಳಿಗೇ ಎಂದು ಅಧ್ಯಕ್ಷರು ಹೇಳಿದ್ದರು. ಆ ಕೆಲಸ ಬಂದರೆ ಹೋದವರು ಮರಳಿ ಬರುತ್ತಾರೆ. ಬಾರದಿದ್ದರೆ ಕೋಣೆಗೆ ಬೀಗ.

ಅಳತೆ ತೆಗೆಯಲು ಅಧ್ಯಕ್ಷರು ಒಪ್ಪಿರಲಿಲ್ಲ. ಊರಿನವರೆಲ್ಲ ಮಾಡುವಂತೆ ಅಳತೆ ಬಟ್ಟೆ ಕಳಿಸಿದ್ದರು. ಬೀರುವಿನಲ್ಲಿದ್ದ ಒಂದು ಕೋಟು, ಡ್ರೈವರ್ ಕೈಯಲ್ಲಿ ಬಂದು ಡ್ರೈವರ್ ಕೈಯಲ್ಲೇ ವಾಪಸು ಹೋಗಿತ್ತು. ಅಕ್ಕ ಅದನ್ನು ಮೇಜಿನ ಮೇಲೆ ಹರಡಿ, ಟೇಪು ಹಿಡಿದು, ಕಂದು ಕಾಗದದಲ್ಲಿ ಆಕಾರ ಕತ್ತರಿಸಿಟ್ಟುಕೊಂಡಿದ್ದಳು. ಅದು ಕಾಯಿಲೆಗೆ ಮುಂಚಿನ ಕೋಟು ಎಂಬುದು ಅವನಿಗೆ ಇವತ್ತು ಮಧ್ಯಾಹ್ನ, ಡ್ರೈವರ್ ಜೊತೆ ಮಾತಾಡುವಾಗ ಗೊತ್ತಾಗಿತ್ತು.

"ಅಕ್ಕಾ, ಸ್ವಲ್ಪ ಬಿಗಿ ಮಾಡಿದ್ರೆ ಚೆನ್ನಾಗಿರುತ್ತೇನೋ," ಎಂದ.

ಅಕ್ಕ ತುಟಿಯ ನಡುವಿನ ಸೂಜಿಯನ್ನು ತೆಗೆದಳು. "ಯಾಕೆ?"

"ಸುಮ್ನೆ. ಈಗ ಎಲ್ಲ ಹಂಗೇ ಹಾಕ್ತಾರಲ್ಲ."

"ಹಾಕೋರು ಹುಡುಗ್ರು. ಅಷ್ಟು ದೊಡ್ಡ ಮನುಷ್ಯ ಉಸಿರು ಹಿಡ್ಕೊಂಡು ನಡೀಬೇಕಾ? ಅಳತೆ ಬಟ್ಟೆ ಏನು ಹೇಳುತ್ತೋ ಅಷ್ಟೇ ಕಣೋ. ನಿನ್ನ ಬಾಯಿ ನಂಬಿ ಕತ್ತರಿ ಹಾಕಿದ್ರೆ ನನ್ನ ಕಥೆ ಮುಗೀತು."

"ಅವರ ಬಾಯಲ್ಲಿ ಮಾತೇ ಬರಲ್ಲ, ನಂಬೋದೇನು," ಎಂದು ಗುಂಡಿಯಮ್ಮ ನಕ್ಕಳು. "ಇವರ ಮದುವೇಲಿ ಹುಡುಗಿ ಒಪ್ಪಿಗೆನಾ ಅಂತ ಕೇಳಿದಾಗಲೂ ಅಕ್ಕನ ಮುಖ ನೋಡಿದ್ರಂತೆ."

ಅಕ್ಕನೂ ನಕ್ಕಳು. ಅವನೂ ನಗಬೇಕಾಯಿತು. ನಗುವಿನಲ್ಲಿ ಮಾತು ಜಾರಿಹೋಯಿತು. ಜಾರಿದ್ದು ಒಳ್ಳೆಯದೇ ಆಯಿತೆಂದು ಅವನಿಗೆ ಒಂದು ಕ್ಷಣ ಅನ್ನಿಸಿದ್ದೂ ನಿಜ.

ಕಾರ್ಯಕ್ರಮದ ಸಂಜೆ ಸಭಾಂಗಣದ ಹಿಂದಿನ ಕೋಣೆಯಲ್ಲಿ ವ್ಯಾಪಾರಸ್ಥರು ಬಟ್ಟೆ ಬದಲಿಸುತ್ತಿದ್ದರು. ಗೋಡೆಯುದ್ದಕ್ಕೂ ಕನ್ನಡಿ, ಕನ್ನಡಿಯ ಸುತ್ತ ಬಲ್ಬುಗಳು. ದರ್ಜಿಗಳು ಸೂಜಿ, ದಾರ ಹಿಡಿದು ಗೋಡೆಗಂಟಿ ನಿಂತಿದ್ದರು. ಹಂಚಿನ ಕಾರ್ಖಾನೆಯ ಸಾಹುಕಾರರು ಕುರ್ಚಿಯಲ್ಲಿ ಕೂತು, ತಮಗೆ ತಂದ ಅಂಗಿ ಹೊಟ್ಟೆಯ ಮೇಲೆ ಮುಚ್ಚುವುದಿಲ್ಲವೆಂದು ದೂರುತ್ತಿದ್ದರು.

"ಅಂಗಿ ತಪ್ಪಲ್ಲ, ನಿಮ್ಮ ಊಟದ ತಪ್ಪು," ಎಂದರು ಬ್ಯಾಂಕಿನ ಮ್ಯಾನೇಜರು.

"ಊರಿನವರನ್ನ ಬೆಳೆಸಬೇಕು ಅಂತ ಬಂದಿದೀನಿ ಸ್ವಾಮಿ. ಹೊಟ್ಟೆನೂ ಊರಿಂದೇ."

ಅಧ್ಯಕ್ಷರು ಬಂದರು. ಷರ್ಟಿನ ಒಳಗೆ ಸ್ವೆಟರು, ಅದರ ಒಳಗೆ ಇನ್ನೊಂದು ಷರ್ಟು. ಮೈ ಇಳಿದದ್ದು ಯಾರಿಗೂ ಕಾಣದಿರಲೆಂದು ಹಾಗೆ ಹಾಕಿಕೊಳ್ಳುತ್ತಿದ್ದುದು ಅವನಿಗೆ ಮಾತ್ರ ಗೊತ್ತಿತ್ತು. ಹೊಸ ಹೋಟೆಲಿನ ಸಾಲಕ್ಕೆ ಬ್ಯಾಂಕಿನ ಸಹಿ ಇನ್ನೂ ಬಿದ್ದಿರಲಿಲ್ಲ, ಮ್ಯಾನೇಜರು ಅಲ್ಲೇ ಕೂತಿದ್ದರು. ಅಕ್ಕ ಕೋಟನ್ನು ಎರಡೂ ಕೈಯಲ್ಲಿ ಹಿಡಿದು ತೊಡಿಸಿದಳು.

ಕೋಟು ಭುಜದಿಂದ ಜಾರಿ ಕೆಳಗೆ ಕೂತಿತು. ತೋಳು ಬೆರಳ ತುದಿ ಮುಟ್ಟಿತು. ಎದೆಯ ಮೇಲೆ ಬಟ್ಟೆ ಚೀಲದಂತೆ ನಿಂತಿತು.

"ಇನ್ನೊಬ್ಬರನ್ನೂ ಒಳಗೆ ಕರ್ಕೊಳ್ಳಿ ಸಾರ್, ಜಾಗ ಇದೆ," ಎಂದರು ಸಾಹುಕಾರರು. ಎಲ್ಲರೂ ನಕ್ಕರು. ಅಧ್ಯಕ್ಷರೂ ನಕ್ಕರು, ಆದರೆ ಕನ್ನಡಿಯಲ್ಲಿ ಅವರ ಕಣ್ಣು ಮ್ಯಾನೇಜರ ಕಡೆಗೇ ಇತ್ತು.

ಅಕ್ಕನ ಮುಖ ಬಿಳಿಚಿಕೊಂಡಿತ್ತು. "ಸಾರ್, ಅರ್ಧ ಗಂಟೆ ಕೊಡಿ. ಇಲ್ಲೇ ಸರಿ ಮಾಡ್ತೀನಿ." ಅವಳು ಟೇಪು ತೆಗೆದು ಅವರ ಎದೆಯ ಹತ್ತಿರ ಕೈ ಚಾಚಿದಳು.

ಅಧ್ಯಕ್ಷರು ಒಂದು ಹೆಜ್ಜೆ ಹಿಂದೆ ಸರಿದರು. "ಟೇಪು ಬೇಡಮ್ಮ. ಅಳತೆ ಕಳಿಸಿದ್ನಲ್ಲ."

"ಆ ಕೋಟು ನಿಮ್ದೇ ತಾನೆ ಸಾರ್? ಬೇರೆ ಯಾರದ್ದಾದರೂ..."

"ನಂದೇ. ಮೊನ್ನೆ ಮೀಟಿಂಗಿಗೂ ಅದನ್ನೇ ಹಾಕಿದ್ದೆ." ಅವರು ಅವನ ಕಡೆ ತಿರುಗಿದರು. "ಅಲ್ವೇನಪ್ಪಾ?"

ಅಕ್ಕನೂ ತಿರುಗಿ ನೋಡಿದಳು. ಟೇಪಿನ ಒಂದು ತುದಿ ಅವಳ ಕೈಯಿಂದ ನೆಲಕ್ಕೆ ಇಳಿದಿತ್ತು.

"ಹೌದು ಸಾರ್," ಎಂದ ಅವನು.

ಅಷ್ಟೇ. ಆ ಮಾತಿಗೆ ಅವನು ಯೋಚಿಸಿಯೂ ಇರಲಿಲ್ಲ. ದಿನಕ್ಕೆ ಎಷ್ಟೋ ಸಲ ಆಡುವ ಮಾತು, ನಾಲಿಗೆಯ ಮೇಲೇ ಕೂತಿರುತ್ತಿತ್ತು.

ಅಧ್ಯಕ್ಷರು ಕೋಟು ಕಳಚಿ ತಮ್ಮದೇ ಕೋಟಿಗೆ ಕೈ ಹಾಕಿದರು. ಹೊರದೇಶದ್ದು, ಹೊಸದು, ಹೊಸ ಮೈಗೆ ಹೊಂದಿಸಿ ತರಿಸಿದ್ದು. "ಬೇಜಾರು ಮಾಡ್ಕೋಬೇಡಮ್ಮ," ಎಂದರು ಮೆತ್ತಗೆ. "ಕೈ ಅಂದಮೇಲೆ ತಪ್ಪು ಆಗುತ್ತೆ. ಪ್ರೋತ್ಸಾಹ ಕೊಡೋಕೇ ನಾವಿರೋದು."

ಅಕ್ಕ ಹೊಲಿದ ಕೋಟು ಕುರ್ಚಿಯ ಮೇಲೆ ಬಿದ್ದಿತ್ತು. ಹಂಚಿನ ಸಾಹುಕಾರರು ಅದನ್ನೆತ್ತಿ ತೊಟ್ಟುಕೊಂಡರು. ಭುಜ ಕೂತಿತು, ಗುಂಡಿ ಬಿತ್ತು. "ಅರೆ, ನನಗಂತಲೇ ಹೊಲಿದಂಗಿದೆ!" ಎಂದು ಕನ್ನಡಿಯ ಮುಂದೆ ಒಂದು ಸುತ್ತು ಹಾಕಿದರು. ವೇದಿಕೆಯ ಮೇಲೂ ಹಾಗೇ ಸುತ್ತಿದರು. ಚಪ್ಪಾಳೆ ಬಿತ್ತು. ಆಮೇಲೆ ಅಧ್ಯಕ್ಷರು ಮೈಕಿನ ಮುಂದೆ ನಿಂತು, ಊರಿನ ಕೈಗಳಲ್ಲಿ ಇರುವ ಕಲೆ ಯಾವ ಯಂತ್ರದಲ್ಲೂ ಇಲ್ಲ, ಉದ್ಯಮಿಗಳಾದ ನಾವು ಅದರ ಬೆನ್ನಿಗೆ ನಿಲ್ಲಬೇಕು ಎಂದರು. ಭಾಷಣ ಬರೆದುಕೊಟ್ಟವನು ಅವನೇ. ಬರೆಯುವಾಗ ಅದರಲ್ಲಿ ಸುಳ್ಳು ಕಂಡಿರಲಿಲ್ಲ.

ಸಮವಸ್ತ್ರದ ಕೆಲಸ ದೊಡ್ಡ ಗಾರ್ಮೆಂಟ್ಸಿಗೆ ಹೋಯಿತು. "ಪ್ರೀತಿ ಬೇರೆ, ಫಿನಿಶಿಂಗ್ ಬೇರೆ," ಎಂದು ಅಧ್ಯಕ್ಷರು ಕಾರಿನಲ್ಲಿ ಅವನಿಗೆ ವಿವರಿಸಿದರು. ಸ್ವಲ್ಪ ಹೊತ್ತಿನ ಮೇಲೆ, ಕಿಟಕಿಯಾಚೆ ನೋಡುತ್ತ, "ನಿನ್ನ ಉಪಕಾರ ಮರೆಯಲ್ಲ," ಎಂದರು. ಅವರೂ ದಣಿದಿದ್ದರು. ಅವರನ್ನು ದ್ವೇಷಿಸಲು ಅವನು ಪ್ರಯತ್ನಿಸಿದ, ಅದಕ್ಕೂ ಶಕ್ತಿ ಸಾಲಲಿಲ್ಲ.

ಅಕ್ಕ ಅವರನ್ನು ಬೈಯಲಿಲ್ಲ. ತನ್ನನ್ನೇ ಬೈದುಕೊಂಡಳು. ಕೋಟಿನ ಅಳತೆ ತೆಗೆದ ವಾರ ಮೇಜಿನ ಮೇಲೆ ಬೇರೆಯವರ ಅಳತೆ ಬಟ್ಟೆಗಳೂ ಇದ್ದವು. ಒಬ್ಬರ ಅಳತೆಯನ್ನು ಇನ್ನೊಬ್ಬರ ಕಾಗದಕ್ಕೆ ಹಾಕಿರಬೇಕು ಎಂದು ತೀರ್ಮಾನಿಸಿದಳು.

"ವಯಸ್ಸಾಯ್ತು ಕಣೋ. ಯಾರ ಮೈಯನ್ನ ಯಾರಿಗೆ ಹೊಲಿದೆನೋ."

"ಕಣ್ಣು ತೋರಿಸ್ಕೊಳ್ಳಿ ಅಂದ್ರೆ ಕೇಳ್ತೀರಾ?" ಎಂದಳು ಗುಂಡಿಯಮ್ಮ. ಈಗ ಅವಳ ದನಿಯಲ್ಲಿ ನಗುವಿರಲಿಲ್ಲ.

ಅಕ್ಕ ಕನ್ನಡಕ ಹಾಕಿಸಿಕೊಂಡಳು. ಆದರೂ ಕತ್ತರಿ ಹಿಡಿದ ಕೈ ಬಟ್ಟೆಯ ಅಂಚಿಗೆ ಬಂದು ನಿಲ್ಲುತ್ತಿತ್ತು. ಮೊದಲು ಒಂದೇ ನೋಟಕ್ಕೆ ತೋಳು ಕತ್ತರಿಸುತ್ತಿದ್ದವಳು ಈಗ ಅಳೆದದ್ದನ್ನೇ ಮತ್ತೆ ಅಳೆಯುತ್ತಿದ್ದಳು. ರವಿಕೆಗೆ ಬಂದ ಹೆಂಗಸರು ಕಾದು ಕಾದು ಬೇರೆ ಕಡೆ ಹೋದರು. ಗುಂಡಿಯಮ್ಮ ಮಗಳ ಮನೆಗೆ ಹೋದಳು. ಟೈರ್ ಅಂಗಡಿಯವನು ಮೇಲಿನ ಕೋಣೆಯನ್ನೂ ತನಗೇ ಕೊಡಿ ಎಂದು ಕೇಳತೊಡಗಿದ.

ಬೀಗ ಹಾಕುವ ಮುಂಚಿನ ಭಾನುವಾರ ಅವನು ಯಂತ್ರಗಳನ್ನು ಇಳಿಸಲು ಹೋಗಿದ್ದ. ಅಕ್ಕ ಉಳಿದ ಬಟ್ಟೆಯ ಒಂದು ತುಂಡನ್ನು ಹರಡಿಕೊಂಡಿದ್ದಳು.

"ನಿನಗೊಂದು ಅಂಗಿ ಹೊಲೀತೀನಿ, ಬಾ. ತಪ್ಪಿದ್ರೂ ನೀನು ಹಾಕ್ಕೋತೀಯ. ಕೈ ಎತ್ತು."

ಅವನು ಕೈ ಎತ್ತಿ ನಿಂತ. ಅವಳು ಎದೆಯ ಸುತ್ತ ಟೇಪು ಬಳಸಿ ಅಳೆದಳು. ಸಂಖ್ಯೆಯನ್ನು ಬಾಯಲ್ಲಿ ಹೇಳಿಕೊಂಡಳು. ನಂಬಿಕೆ ಬರಲಿಲ್ಲ, ಮತ್ತೆ ಅಳೆದಳು. ಅದೇ ಸಂಖ್ಯೆ ಬಂತು. ಟೇಪನ್ನು ಬೆಳಕಿಗೆ ಹಿಡಿದು ನೋಡಿ, ಅವನ ಮುಖವನ್ನು ನೋಡಿ, "ಸರಿ ಇದೆಯಾ? ನೀನಾದರೂ ಹೇಳೋ," ಎಂದಳು.

"ಸರಿ ಇದೆ," ಎಂದ.

ಅವಳು ಮೂರನೆಯ ಸಲ ಟೇಪು ಹಿಡಿದಳು. ಅವನು ಕೈ ಎತ್ತಿಕೊಂಡೇ ನಿಂತಿದ್ದ.

ಅಂದು ಕೋಟಿನ ವಿಷಯದಲ್ಲಿ ಅವಳ ಕೈ ತಪ್ಪಿರಲಿಲ್ಲ ಎಂದು ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.